ಚೆಕ್ ಹಾಳಿ ತುಂಬೂದು ಹೆಂಗ? ತಪ್ಪಾದ್ರ ತಿದ್ದಬಹುದೇನು? ಖಾಲಿ ಚೆಕ್ ಕೇಳಿದ್ರ ಏನ್ ಹೇಳೂದು?

ಹೊಸೂರ ಸರ್ಕಲ್:
ನಮಸ್ಕಾರ್ರಿ ಎಲ್ಲಾರಿಗೂ. ವಿದ್ಯಾನಗರದಾಗ ಬಾಡಗಿ ಮನಿ ಗೊತ್ತಾಗೇತಿ, ಡಿಪಾಸಿಟ್ 80,000. ಮಾಲಕ್ರು ಚೆಕ್ಕ ಬೇಕು ಅಂತಾರ. ನಡಕಿನ ಏಜೆಂಟ ಬ್ಯಾರೇನ ಹೇಳ್ತಾನ: "ಸಹಿ ಅಷ್ಟ ಮಾಡಿ ಕೊಡ್ರಿ, ಹೆಸರು ತಾರೀಖು ನಾವ ತುಂಬ್ಕೋತೇವಿ." ಅದರ ಜೋಡಿ ಬಾಡಗಿಗೆ ಭದ್ರತಾ ಅಂತ ಇನ್ನೊಂದು ಖಾಲಿ ಚೆಕ್ ಬೇಕಂತ. ನನ್ನ ಪ್ರಶ್ನಿ ಮೂರು. ಹಾಳಿ ಸರಿಯಾಗಿ ತುಂಬೂದು ಹೆಂಗ, ತಪ್ಪಾದ್ರ ತಿದ್ದಿ ಮಗ್ಗಲಕ ಸಹಿ ಹಾಕಿದ್ರ ನಡೀತೈತೇನು, ಆ ಎರಡನೇ ಚೆಕ್ ಕೊಡೂದೋ ಬ್ಯಾಡೋ?

ಕೇಶ್ವಾಪುರ ಕಾಕಾ:
ಮೂರನೇದಕ್ಕ ಮೊದಲ ಉತ್ತರ: ಬ್ಯಾಡ. ಉಳಿದದ್ದು ತಿಳದವ್ರು ಹೇಳ್ತಾರ.

ಕೌಂಟರ್ ನಂಬರ್ ಮೂರು:
ಸಹಿ ಕಟ್ಟಕಡೀಕ ಮಾಡ್ರಿ, ಇದು ಮೊದಲನೇ ಮಾತು. ಸಹಿ ಇಲ್ಲದ ಹಾಳಿ ತಪ್ಪಾದ್ರ ಹರದು ಒಗೀಬಹುದು. ಸಹಿ ಆದ ಹಾಳಿ ಕೈತಪ್ಪಿದ್ರ ಅದು ರೊಕ್ಕ.

ಪೆನ್ ನಿಮ್ಮದ ಇರಲಿ, ಕರೀದು ಇಲ್ಲಾ ನೀಲಿ, ಅಳಿಸಾಕ ಬರಲಾರದ್ದು. ಈಗ ಚೆಕ್ಕಿನ ಹಾಳಿ ಊರಿಂದ ಊರಿಗೆ ಹೋಗೂದಿಲ್ಲ, ಅದರ ಚಿತ್ರ ಹೋಗ್ತೈತಿ. ತೆಳ್ಳಗ, ಮಬ್ಬಾಗಿ ಬರದ್ರ ಚಿತ್ರದಾಗ ಕಾಣೂದಿಲ್ಲ. ಹಸರು, ಕೆಂಪು ಇಂಕಿನ ಗೋಜಿಗೆ ಹೋಗಬ್ಯಾಡ್ರಿ.

ಹಾಳಿ ಮುಂದ ಇಟ್ಕೊಂಡ ಕೂಡ್ಲೆ ಎಡಕ್ಕ ಮ್ಯಾಲಿನ ಮೂಲ್ಯಾಗ ಎರಡು ಓರೆ ಗೆರಿ, ನಡುವ "ಅಕೌಂಟ್ ಪೇಯೀ" ಅಂತ. ಆಮ್ಯಾಲೆ ಹೆಸರಿನ ಸಾಲಿನ ಕೊನೀಗೆ "ಅಥವಾ ಧಾರಕರಿಗೆ" ಅಂತ ಹಿಂದಿ-ಇಂಗ್ಲಿಷಿನಾಗ ಅಚ್ಚು ಆಗಿರ್ತೈತಲ್ಲ, ಬೇರರ್ ಅನ್ನೂದು, ಅದನ್ನ ಹೊಡದು ಹಾಕ್ರಿ. ಆಮ್ಯಾಲೆ ತಾರೀಖು: ಎಂಟು ಮನಿ, ದಿನ ಎರಡು, ತಿಂಗಳು ಎರಡು, ವರ್ಷ ನಾಕು. ಒಂಬತ್ತನೇ ತಾರೀಖಿದ್ರ 09. ಒಂದು ಮನ್ಯಾಗ ಒಂದ ಅಂಕಿ.

ಹೆಸರು ಗೆರಿಯ ಎಡ ತುದಿಗೇ ಹತ್ತಿಸಿ ಶುರು ಮಾಡ್ರಿ, ಮುಗದ ಮ್ಯಾಲೆ ಉಳಿದ ಜಾಗಾಕ್ಕ ಅಡ್ಡ ಗೆರಿ. ಅಕ್ಷರದ ಮೊತ್ತಕ್ಕೂ ಹಂಗ: "ಎಂಬತ್ತು ಸಾವಿರ ಮಾತ್ರ", ಆಮ್ಯಾಲೆ ಗೆರಿ. ಅಂಕಿ ಡಬ್ಬಿಯೊಳಗ ರೂಪಾಯಿ ಚಿಹ್ನೆಗೆ ಅಂಟಿಸಿ 80,000/-. ನಡುವ ಅಲ್ಪವಿರಾಮ ಬಿಡಬ್ಯಾಡ್ರಿ. 8000 ಅಂತ ಬಿಟ್ರ ಹಿಂದ ಒಂದು ಸೊನ್ನಿ ಸೇರಸೂದು ಸಸಾರ. 8,000/- ಅಂತ ಇದ್ರ ಸೇರಿಸಿದ್ದು ಎದ್ದು ಕಾಣ್ತೈತಿ.

ಸಹಿ ಬಲಕ್ಕ ಕೆಳಗ, ಅಚ್ಚಾದ ಹೆಸರಿನ ಮ್ಯಾಲಿನ ಖಾಲಿ ಜಾಗಾದಾಗ. ಎಲ್ಲಾಕ್ಕಿಂತ ಕೆಳಗಿನ ಬಿಳೀ ಪಟ್ಟಿ ಮುಟ್ಟಬ್ಯಾಡ್ರಿ. ಸಹಿಯ ಬಾಲ ಅಲ್ಲಿಗೆ ಇಳೀಬಾರ್ದು, ಸ್ಟಾಂಪ್ ಬೀಳಬಾರ್ದು, ಪಿನ್ನು ಚುಚ್ಚಬಾರ್ದು, ಅಲ್ಲೇ ಮಡಚಲೂಬಾರ್ದು. ಅದು ಮಶಿನ್ ಓದೂ ಸಾಲು.

ಚಿಗರಿ ಬಸ್:
ಆ ಬಿಳೀ ಪಟ್ಟ್ಯಾಗ ಏನೇನ ಇರ್ತೈತ್ರಿ? ಅಕೌಂಟ್ ನಂಬರ್ ಏನು?

ಗದಗ ಪ್ರೆಸ್:
ಎಡದಿಂದ ಓದಿರಿ. ಮೊದಲು 6 ಅಂಕಿ ಚೆಕ್ ನಂಬರ್. ಆಮೇಲೆ 9 ಅಂಕಿಯ ಎಂಐಸಿಆರ್ ಕೋಡ್: ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಹುಬ್ಬಳ್ಳಿ-ಧಾರವಾಡದ ಹಾಳಿಗಳಲ್ಲಿ ಅದು 580ರಿಂದ ಶುರುವಾಗುತ್ತದೆ. ನಂತರ 6 ಅಂಕಿ ಖಾತೆಯ ಗುರುತಿಗೆ, ಕಡೆಯ 2 ಅಂಕಿ ವ್ಯವಹಾರದ ಬಗೆಗೆ. ಪೂರ್ತಿ ಖಾತೆ ನಂಬರ್ ಅಲ್ಲಿರುವುದಿಲ್ಲ, ಅದು ಮೇಲೆ ಬೇರೆ ಅಚ್ಚಾಗಿರುತ್ತದೆ. ಈ ಸಾಲಿನ ಶಾಯಿಯಲ್ಲಿ ಕಾಂತೀಯ ಗುಣ ಇರುತ್ತದೆ. ಅದರ ಮೇಲೆ ಗೀಚಿದರೆ ಮಶಿನ್ ತಪ್ಪು ಓದುತ್ತದೆ, ಇಲ್ಲವೇ ಓದುವುದೇ ಇಲ್ಲ.

ಹಾಳಿ ಅಸಲಿಯೋ ಅಂತ ನೋಡಬೇಕೆಂದರೆ ಬೆಳಕಿಗೆ ಹಿಡಿಯಿರಿ. ಕಾಗದದ ಒಳಗೇ 'ಸಿಟಿಎಸ್ ಇಂಡಿಯಾ' ನೀರಚ್ಚು ಕಾಣಬೇಕು. ಬ್ಯಾಂಕಿನ ಲಾಂಛನ ಅತಿನೇರಳೆ ದೀಪದಲ್ಲಿ ಮಾತ್ರ ಕಾಣುವ ಶಾಯಿಯಲ್ಲಿ ಇರುತ್ತದೆ. ಝೆರಾಕ್ಸ್ ತೆಗೆದರೆ 'ವಾಯ್ಡ್' ಎಂಬ ಅಕ್ಷರ ಎದ್ದು ಬರುವ ವಿನ್ಯಾಸವೂ ಇದೆ. ಅದಕ್ಕೇ ಚೆಕ್ಕಿನ ಝೆರಾಕ್ಸ್ ವಿಚಿತ್ರ ಕಾಣುವುದು, ಮಶಿನ್ ಕೆಟ್ಟಿಲ್ಲ.

ಮಾಳಮಡ್ಡಿ ಮಾಸ್ತರ:
ಕನ್ನಡದಲ್ಲಿ ಬರೆಯಬಹುದೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬರೆಯಬಹುದು. ಹಿಂದಿ, ಇಂಗ್ಲಿಷ್, ಆಯಾ ರಾಜ್ಯದ ಭಾಷೆ ಮೂರಕ್ಕೂ ಅವಕಾಶವಿದೆ. ಕನ್ನಡದ ಸಹಿಗೂ ಅಡ್ಡಿಯಿಲ್ಲ, ಬ್ಯಾಂಕಿನಲ್ಲಿ ಕೊಟ್ಟ ಮಾದರಿಗೆ ಹೊಂದಬೇಕು ಅಷ್ಟೆ.

ಆದರೆ ಕನ್ನಡದಲ್ಲಿ ಬರೆಯುವಾಗ ಅಪಾಯದ ಜಾಗ ಬೇರೆ. ಇಂಗ್ಲಿಷಿನಲ್ಲಿ ಮೋಸ ಬಲಗಡೆಯಿಂದ ಬರುತ್ತದೆ: 'ಸಿಕ್ಸ್' ಮುಂದೆ ಎರಡಕ್ಷರ ಸೇರಿಸಿದರೆ 'ಸಿಕ್ಸ್‌ಟಿ', 'ಏಟ್' ಮುಂದೆ ಒಂದೇ ಅಕ್ಷರ ಸೇರಿಸಿದರೆ 'ಏಟಿ'. ಕನ್ನಡದಲ್ಲಿ ಎಡಗಡೆಯ ಖಾಲಿ ಜಾಗದಲ್ಲಿ ಕೂರುತ್ತದೆ. ಬರೀ 'ನೂರು' ಎಂದು ಬರೆದು ಎಡಕ್ಕೆ ಜಾಗ ಬಿಟ್ಟರೆ ಅದು 'ಆರುನೂರು' ಆಗಬಹುದು, 'ಎಂಟುನೂರು' ಆಗಬಹುದು. 'ಸಾವಿರ' ಎಂದಷ್ಟೇ ಬರೆದರೆ 'ಹತ್ತು ಸಾವಿರ'. 'ಐದು ಸಾವಿರ'ದ ಎಡಕ್ಕೆ ಬೆರಳಗಲ ಜಾಗವಿದ್ದರೆ 'ಒಂದು ಲಕ್ಷದ' ಸಲೀಸಾಗಿ ಹಿಡಿಸುತ್ತದೆ. ಆದ್ದರಿಂದ 'ಒಂದು ನೂರು', 'ಒಂದು ಸಾವಿರ', 'ಒಂದು ಲಕ್ಷ' ಎಂದೇ ಬರೆಯಿರಿ, ಗೆರೆಯ ಅಂಚಿಗೆ ತಾಗಿಸಿ.

ಬ್ಯಾಡಗಿ ಡಬ್ಬಿ:
ಮಾಸ್ತರ ಹೇಳಿದ್ದು ಖರೆ. ಆದ್ರ ಅಂಕಿ ಕನ್ನಡದಾಗ ಬರೀಬ್ಯಾಡ್ರಿ. ೧ ಮತ್ತ ೯, ೬ ಮತ್ತ ೭ ಗಡಬಿಡ್ಯಾಗ ಬರದ್ರ ಕನ್ನಡ ಓದೂ ನಮಗ ತಿಳಿಯೂದಿಲ್ಲ. ಚಿತ್ರ ನೋಡೂ ಮನಿಶ್ಯಾ ಚೆನ್ನೈದಾಗ ಕುಂತಿರ್ತಾನ.

ಮಾಳಮಡ್ಡಿ ಮಾಸ್ತರ:
ಅಂಕಿಯ ಮಾತು ಒಪ್ಪಿದೆ. ಅಕ್ಷರ ಕನ್ನಡ, ಅಂಕಿ 1-2-3. ನಾನೂ ಅದನ್ನೇ ಹೇಳುವವನು.

ಲೈನ್ ಬಜಾರ:
ತಪ್ಪಾದ್ರ ಚಿಂತಿಲ್ರಿ. ಒಂದು ಗೆರಿ ಹೊಡದು ಸರಿ ಬರದು ಮ್ಯಾಲ ಪೂರ್ತಿ ಸಹಿ ಹಾಕ್ರಿ. ಮೊದಲಿಂದ ಹಂಗ ನಡದೈತಿ.

ಕೌಂಟರ್ ನಂಬರ್ ಮೂರು:
ಲೈನ್ ಬಜಾರ ಅವ್ರ, ನಡೀತಿತ್ತು, ಈಗ ನಡಿಯೂದಿಲ್ಲ. ಚಿತ್ರದ ಕ್ಲಿಯರಿಂಗಿಗೆ, ಅಂದ್ರ ಬ್ಯಾಂಕಿನಿಂದ ಬ್ಯಾಂಕಿಗೆ ಚಿತ್ರ ಕಳಿಸಿ ವಸೂಲಿ ಮಾಡೂದಕ್ಕ, ಬರೂ ಚೆಕ್ಕಿನಾಗ ತಿದ್ದುಪಡಿ ಇರಬಾರ್ದು ಅಂತ ಆರ್‌ಬಿಐ 2010ರಾಗ ನಿಯಮ ತಂದೈತಿ. ಹೆಸರು, ಅಂಕಿ ಮೊತ್ತ, ಅಕ್ಷರ ಮೊತ್ತ ಯಾವುದ ತಪ್ಪಲಿ, ಹೊಸಾ ಹಾಳಿ. ಮಗ್ಗಲಕ ಹತ್ತು ಸಹಿ ಹಾಕಿದ್ರೂ ವಾಪಸ್ ಬರ್ತೈತಿ. ವೈಟ್ನರ್ ಅಂತೂ ಹೆಸರ ತಗೀಬ್ಯಾಡ್ರಿ. ಒಂದ ವಿನಾಯಿತಿ: ಅವಧಿ ನವೀಕರಣಕ್ಕ ತಾರೀಖು ತಿದ್ದೂದು, ಅದಕ್ಕೂ ಚೆಕ್ ಕೊಟ್ಟವನ ಪೂರ್ತಿ ಸಹಿ ಬೇಕು.

ಲೈನ್ ಬಜಾರ:
ಹೋದ ತಿಂಗಳ ಇಲ್ಲೆ ಶಾಖಾದಾಗ ತಿದ್ದಿದ ಚೆಕ್ಕಿಗೆ ರೊಕ್ಕ ಕೊಟ್ಟಾರಲ್ರಿ. ಅದು ಹೆಂಗ ಮತ್ತ?

ಕೌಂಟರ್ ನಂಬರ್ ಮೂರು:
ಅದ ಬ್ಯಾಂಕಿನ ಕೌಂಟರಿನಾಗ ನಗದು ತಗೊಂಡಿರಬೇಕು. ಆ ನಿಯಮ ಕ್ಲಿಯರಿಂಗಿಗೆ ಹೋಗೂ ಚೆಕ್ಕಿಗೆ. ಕೌಂಟರಿನಾಗ ನಗದು ಕೊಡೂದು ಅದರೊಳಗ ಬರೂದಿಲ್ಲ. ಕೌಂಟರಿನವ್ರು ಒಪ್ಪಿದ್ರ ಅವರ ಜವಾಬ್ದಾರಿ. ಹೊಸೂರ ಸರ್ಕಲ್ ಅವ್ರ ಚೆಕ್ ಮಾಲಕರ ಬ್ಯಾಂಕಿನಿಂದ ಕ್ಲಿಯರಿಂಗಿಗೆ ಬರೂದು, ಅವರಿಗೆ ನಿಮ್ಮ ಉದಾಹರಣಿ ನಡಿಯೂದಿಲ್ಲ.

ಗಿರ್ಮಿಟ್ ಗೆಳೆಯ:
ಅಂಕಿ ಒಂದು, ಅಕ್ಷರ ಇನ್ನೊಂದು ಬರದ್ರ ಅಕ್ಷರದ್ದ ಲೆಕ್ಕಕ್ಕ ಹಿಡೀತಾರ. ಕಾನೂನಿನಾಗ ಐತಿ.

ವಕೀಲರ ಓಣಿ:
ಐತಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ. ಆದರೆ ಆ ಕಲಂ ಹಿಡಕೊಂಡು ಬ್ಯಾಂಕಿಗೆ ಹೋಗಬ್ಯಾಡ್ರಿ. ಬ್ಯಾಂಕಿನವರು "ಅಕ್ಷರ-ಅಂಕಿ ಹೊಂದುವುದಿಲ್ಲ" ಎಂದು ಮೆಮೊ ಹಚ್ಚಿ ವಾಪಸ್ ಕಳಿಸುತ್ತಾರೆ. ಕೋರ್ಟಿನಲ್ಲಿ ವಾದಕ್ಕೆ ಬರುವ ನಿಯಮವೇ ಬೇರೆ, ಕ್ಲಿಯರಿಂಗಿನಲ್ಲಿ ಪಾಸಾಗುವ ನಿಯಮವೇ ಬೇರೆ.

ಗಿರ್ಮಿಟ್ ಗೆಳೆಯ:
ಹಂಗಾದ್ರ ಕಾನೂನು ಇದ್ದೂ ಇಲ್ಲದಂಗ ಆತು. ಇರ್ಲಿ.

ನವನಗರ 7ನೇ ಕ್ರಾಸ್:
ಮೊದಲ ಅದನ್ನ ಹೇಳ್ರಿ, ವಿದ್ಯಾನಗರದಾಗ ಎಷ್ಟು ರೂಮಿಗೆ 80,000? ನಮ್ಮ ಕಡೆ ಬರ್ರಿ, ಚಿಗರಿ ಬಸ್ ಬಾಗಲಾಗ ನಿಲ್ತೈತಿ.

ಚಿಗರಿ ಬಸ್:
ಬಾಗಲಾಗ ಅಲ್ರಿ, ದಾಟಾಕ ಜೀವಾ ಕೈಯಾಗ ಹಿಡಕೋಬೇಕು.

ಹೊಸೂರ ಸರ್ಕಲ್:
ಎರಡು ಬೆಡ್‌ರೂಮ್. ಮನಿ ಮಾತು ಆಮ್ಯಾಲೆ ಮಾಡೂಣ್ರಿ. ಮಾಲಕರ ಹೆಸರು ಏಜೆಂಟ "ಎಸ್.ಬಿ. ಪಾಟೀಲ" ಅಂತ ಬರೀರಿ ಅಂದಾನ. ಅಷ್ಟ ಸಾಕೇನು?

ಕೌಂಟರ್ ನಂಬರ್ ಮೂರು:
ಸಾಲೂದಿಲ್ಲ. ನಮ್ಮ ಕಡೆ ಒಂದ ಓಣ್ಯಾಗ ನಾಕು ಎಸ್.ಬಿ. ಪಾಟೀಲರು ಸಿಗ್ತಾರ. ಅಕೌಂಟ್ ಪೇಯೀ ಅಂತ ಗೆರಿ ಹೊಡದ್ರೂ ಅದ ಇನಿಶಿಯಲ್ಲಿನ ಯಾವ ಪಾಟೀಲರ ಖಾತೇಕ್ಕಾದ್ರೂ ಹೋಗಬಹುದು. ಹಿರೇಮಠ, ದೇಸಾಯಿ, ಕುಲಕರ್ಣಿ ಎಲ್ಲಾರದೂ ಇದ ಕತಿ. ಪಾಸ್‌ಬುಕ್ಕಿನ ಮೊದಲ ಪುಟ ಕೇಳ್ರಿ, ಅಲ್ಲಿ ಹೆಂಗ ಐತಿ ಹಂಗ, ತಂದಿ ಹೆಸರು ಬಿಡಿಸಿ ಇದ್ರ ಬಿಡಿಸಿ, ಸ್ಪೆಲ್ಲಿಂಗ್ ಸಮೇತ ಬರೀರಿ. ಹೆಸರಿನ ಮುಂದ ಅವರ ಬ್ಯಾಂಕು ಮತ್ತ ಖಾತೆ ನಂಬರ್ ಬರದ್ರ ಇನ್ನೂ ಗಟ್ಟಿ. ಶ್ರೀ, ಶ್ರೀಮತಿ, ಡಾಕ್ಟರ್ ಏನೂ ಬ್ಯಾಡ.

ಎಲ್‌ಐಸಿಗೆ ಕೊಟ್ರ ಹೆಸರಿನ ಜೋಡಿ ಪಾಲಿಸಿ ನಂಬರ್, ಕ್ರೆಡಿಟ್ ಕಾರ್ಡಿಗೆ ಕೊಟ್ರ ಕಾರ್ಡ್ ನಂಬರ್ ಬರೀರಿ. ಬರೇ ಬ್ಯಾಂಕಿನ ಹೆಸರು ಬರದು ಬಿಟ್ರ ಆ ರೊಕ್ಕ ಯಾರ ಲೆಕ್ಕಕ್ಕ ಹಾಕೂದಂತ ಬ್ಯಾಂಕಿಗೇ ತಿಳಿಯೂದಿಲ್ಲ. ನಡಕಿನವ ತನ್ನ ಲೆಕ್ಕಕ್ಕೂ ಹಾಕಿಸ್ಕೋಬಹುದು. ಬ್ಯಾರೆ ಖಾತೇಕ್ಕ ರೊಕ್ಕ ಕಳಸೂ ಆರ್‌ಟಿಜಿಎಸ್ ಮಾಡಿಸಾಕ ಬ್ಯಾಂಕಿನ ಹೆಸರಿನ ಬದಲಿಗೆ "ಯುವರ್‌ಸೆಲ್ಫ್" ಅಂತ ಬರೀತಾರಲ್ಲ, ಅದನ್ನೂ ಅಷ್ಟಕ್ಕ ಬಿಡಬ್ಯಾಡ್ರಿ. "ಯುವರ್‌ಸೆಲ್ಫ್, ಇಂಥವರಿಗೆ ಆರ್‌ಟಿಜಿಎಸ್" ಅಂತ ಪೂರ್ತಿ ಬರೀರಿ.

ರಾಣೇಬೆನ್ನೂರ ರೊಟ್ಟಿ:
ಬರೇ ಎರಡು ಗೆರಿ ಹೊಡದ್ರ ಸಾಲೂದಿಲ್ಲೇನ್ರಿ? ಒಳಗ ಬರೀಬೇಕಂತೇನ ಐತಿ?

ವಕೀಲರ ಓಣಿ:
ಬರೀ ಗೆರೆ ಎಂದರೆ ಸಾಮಾನ್ಯ ಕ್ರಾಸಿಂಗ್, 123ನೇ ಕಲಂ. ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಖಾತೆಗೇ ಹೋಗಬೇಕು. ಆದರೆ ಪಡೆದವನು ಹಿಂದೆ ಸಹಿ ಮಾಡಿ ಮತ್ತೊಬ್ಬನಿಗೆ ದಾಟಿಸಬಹುದು. "ಅಕೌಂಟ್ ಪೇಯೀ" ಎಂದಿದ್ದರೆ ಹೆಸರಿದ್ದವನ ಖಾತೆಗೆ ಮಾತ್ರ ಜಮಾ ಮಾಡಬೇಕೆಂಬುದು ಆರ್‌ಬಿಐ ಆದೇಶ. ಎರಡು ಶಬ್ದ ಬರೆಯಲು ಎರಡು ಸೆಕೆಂಡು, ಯಾಕೆ ಬಿಡುವುದು?

ಬ್ಯಾಡಗಿ ಡಬ್ಬಿ:
ಇದಕ್ಕೊಂದು ಸೇರಸ್ರಿ. ಹೆಸರಿದ್ದವನ ಖಾತೆ ಬ್ಯಾಂಕಿನಾಗ ಇಲ್ಲದ ಪತ್ತಿನ ಸಹಕಾರಿ ಸಂಘದಾಗ ಇದ್ರ, 50,000 ರೂಪಾಯಿ ತನಕದ ಅಕೌಂಟ್ ಪೇಯೀ ಚೆಕ್ಕು ಆ ಸಂಘದ ಖಾತೆ ಮುಖಾಂತರ ಬ್ಯಾಂಕು ವಸೂಲಿ ಮಾಡಿ ಕೊಡಬಹುದು. ಮೆಣಸಿನಕಾಯಿ ಸುಗ್ಗ್ಯಾಗ ದಲಾಲರ ಅಂಗಡಿಯಿಂದ ಚೆಕ್ ತಗೊಳ್ಳೂ ರೈತರು ಇದನ್ನ ತಿಳಕೊಂಡಿರಬೇಕು. 50,000 ದಾಟಿದ್ರ ಬ್ಯಾಂಕಿನ ಖಾತೇನ ಬೇಕು. ಮೊತ್ತ ಒಡದು ಎರಡು ಚೆಕ್ ಕೇಳಿದ್ರ ದಲಾಲರು ಕೊಡ್ತಾರ, ಆದ್ರ ಕೇಳಾಕ ಗೊತ್ತಿರಬೇಕಲ್ಲ.

ಮತ್ತ ಅಂಗಡಿ ಹೆಸರಿನ ಚೆಕ್ಕಿನಾಗ ಬರೇ ಸಹಿ ಸಾಲೂದಿಲ್ಲ, ಫರ್ಮಿನ ರಬ್ಬರ್ ಸ್ಟಾಂಪು, "ಪ್ರೊಪ್ರೈಟರ್" ಇಲ್ಲಾ "ಪಾರ್ಟ್‌ನರ್" ಅನ್ನೂದು ಬೇಕು. ತಗೊಳ್ಳೂ ಮುಂದ ನೋಡ್ರಿ, ಮನೀಗೆ ಹೋದ ಮ್ಯಾಲೆ ಅಲ್ಲ.

ಸಾಧನಕೇರಿ:
ಮಾಲಕ್ರಿಗೆ ಯುಪಿಐ ಬ್ಯಾಡಂದ್ರ ಎನ್‌ಇಎಫ್‌ಟಿ ಮಾಡ್ರಿ. 2019ರ ಡಿಸೆಂಬರಿನಿಂದ 24 ತಾಸೂ ಐತಿ, ರವಿವಾರನೂ ಹೋಗ್ತೈತಿ. ಚೆಕ್ಕಿನ ಗೋಳ ಬ್ಯಾಡ.

ಕೇಶ್ವಾಪುರ ಕಾಕಾ:
ಪ್ರಶ್ನಿ ಚೆಕ್ ಬರಿಯೂದು ಹೆಂಗ ಅಂತ. ಊಟಕ್ಕ ಏನ ಮಾಡ್ಲಿ ಅಂತ ಕೇಳಿದ್ರ ಉಪಾಸ ಇರ್ರಿ ಅಂದಂಗಾತು.

ಸಾಧನಕೇರಿ:
ಕಾಕಾ, ಚೆಕ್ ಕೊಟ್ರ ಎದುರಿನವನ ಕೈಯಾಗ ನಿಮ್ಮ ಖಾತೆ ನಂಬರ್, ಐಎಫ್‌ಎಸ್‌ಸಿ, ಸಹಿ ಮೂರೂ ಒಂದ ಹಾಳ್ಯಾಗ ಕೊಟ್ಟಂಗ. ಅದನ್ನ ಫೋಟೊ ಹೊಡದು ವಾಟ್ಸಾಪಿಗೆ ಬ್ಯಾರೆ ಕಳಸ್ತಾರ. ನಾ ಹೇಳಿದ್ದರಾಗ ತಪ್ಪೇನೈತಿ?

ಕೇಶ್ವಾಪುರ ಕಾಕಾ:
ಫೋಟೊದ ಮಾತು ಖರೆ ಐತಿ. ಅದನ್ನ ಒಪ್ಪಿದೆ, ಉಪಾಸ ಒಪ್ಪೂದಿಲ್ಲ.

ತೋಂಟದ ಹಾದಿ:
80,000ದ ಚೆಕ್ಕಾದ್ರ ಪಾಸಿಟಿವ್ ಪೇ ಮರೀಬ್ಯಾಡ್ರಿ, ಯಾರೂ ಹೇಳಲೇ ಇಲ್ಲ. 2021ರ ಜನವರಿ 1ರಿಂದ ಬಂದಿದೆ. 50,000 ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ಕಿನ ವಿವರವನ್ನು ಬರೆದವರೇ ಮೊದಲು ತಮ್ಮ ಬ್ಯಾಂಕಿಗೆ ತಿಳಿಸುವುದು. ಆ್ಯಪ್, ನೆಟ್ ಬ್ಯಾಂಕಿಂಗ್, ಶಾಖೆಯ ಅರ್ಜಿ, ಯಾವುದಾದರೂ ಸರಿ. ಖಾತೆ ನಂಬರ್, ಚೆಕ್ ನಂಬರ್, ತಾರೀಖು, ಮೊತ್ತ, ಹೆಸರು ಹಾಕಬೇಕು. ಹಾಳಿಯಲ್ಲಿ ಇರುವುದಕ್ಕೂ ಇದಕ್ಕೂ ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

5 ಲಕ್ಷ ಮತ್ತು ಮೇಲ್ಪಟ್ಟ ಚೆಕ್ಕಿಗೆ ಇದನ್ನು ಕಡ್ಡಾಯ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ಅದಕ್ಕಿಂತ ಕಡಿಮೆಗೆ ಐಚ್ಛಿಕ ಎಂದರೂ ಹಾಕುವುದೇ ಲೇಸು. ವಿವರ ಕೊಡದ ಚೆಕ್ಕಿನಲ್ಲಿ ಮೋಸವಾದರೆ ಕ್ಲಿಯರಿಂಗ್ ಮಟ್ಟದ ವ್ಯಾಜ್ಯ ಪರಿಹಾರಕ್ಕೆ ಅದನ್ನು ಎತ್ತಿಕೊಳ್ಳುವುದಿಲ್ಲ.

ಎಲ್ಲರೂ ಎಡವುವುದು ಹೆಸರಿನಲ್ಲಿ. ಹಾಳಿಯಲ್ಲಿ ಪೂರ್ತಿ ಹೆಸರು ಬರೆದು ಆ್ಯಪಿನಲ್ಲಿ 'ಪಾಟೀಲ ಸರ್' ಎಂದು ಹಾಕಿದರೆ ನಿಮ್ಮ ಅಸಲಿ ಚೆಕ್ಕೇ ವಾಪಸ್. ಅನೇಕ ಬ್ಯಾಂಕುಗಳಲ್ಲಿ ಒಮ್ಮೆ ಕಳಿಸಿದ ವಿವರ ತಿದ್ದಲು ಬರುವುದಿಲ್ಲ. ಚೆಕ್ಕನ್ನು ಎದುರಿಗೆ ಇಟ್ಟುಕೊಂಡೇ ಟೈಪ್ ಮಾಡಿರಿ.

ರಾಣೇಬೆನ್ನೂರ ರೊಟ್ಟಿ:
ಹಂಗಾದ್ರ ಏಜೆಂಟಗ ಖಾಲಿ ಚೆಕ್ ಕೊಟ್ರ ಪಾಸಿಟಿವ್ ಪೇ ಹಾಕಾಕ ಬರೂದ ಇಲ್ಲ!

ತೋಂಟದ ಹಾದಿ:
ಅದೇ. ಏನು ತುಂಬುತ್ತಾನೆ ಎಂದು ಗೊತ್ತಿಲ್ಲದೆ ಏನು ತಿಳಿಸುತ್ತೀರಿ?

ವಕೀಲರ ಓಣಿ:
ಈಗ ಆ ಎರಡನೇ ಚೆಕ್ಕಿನ ಮಾತು. "ಸಹಿ ಮಾತ್ರ ನನ್ನದು, ಉಳಿದದ್ದು ನಾನು ಬರೆದಿಲ್ಲ" ಎಂದರೆ ಬಚಾವಾಗಬಹುದು ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. 20ನೇ ಕಲಂ ಪ್ರಕಾರ ಸಹಿ ಮಾಡಿ ಅಪೂರ್ಣ ಪತ್ರ ಕೊಟ್ಟರೆ ತುಂಬುವ ಅಧಿಕಾರವನ್ನೂ ಕೊಟ್ಟಂತೆ. ತಾವಾಗಿ ಕೊಟ್ಟ ಖಾಲಿ ಚೆಕ್ಕಿಗೂ 139ನೇ ಕಲಂನ ಪೂರ್ವಭಾವನೆ ಅನ್ವಯಿಸುತ್ತದೆ ಎಂದು ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಂದರೆ ಸಾಲ ಇತ್ತೆಂದೇ ಕೋರ್ಟು ಮೊದಲು ಹಿಡಿಯುತ್ತದೆ. ಇರಲಿಲ್ಲ ಎಂದು ತೋರಿಸುವ ಭಾರ ಸಹಿ ಮಾಡಿದವರ ಮೇಲೆ.

"ಭದ್ರತೆಗೆ ಕೊಟ್ಟಿದ್ದು" ಎಂಬ ಒಂದೇ ಮಾತೂ ಕಾಯುವುದಿಲ್ಲ. ಚೆಕ್ ಹಾಕುವ ಹೊತ್ತಿಗೆ ನಿಜವಾಗಿಯೂ ಬಾಕಿ ಇದ್ದರೆ ಭದ್ರತಾ ಚೆಕ್ಕಿಗೂ 138, ಎಂದರೆ ಚೆಕ್ ಹಣವಿಲ್ಲದೆ ವಾಪಸ್ಸಾದರೆ ಅಪರಾಧ ಎನ್ನುವ ಕಲಂ, ಬರುತ್ತದೆ.

ಲೈನ್ ಬಜಾರ:
ಕೊಟ್ಟು, ಮರುದಿನ ರೊಕ್ಕ ಕೊಡಬ್ಯಾಡ್ರಿ ಅಂತ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಹಾಕಿದ್ರ ಆತು.

ವಕೀಲರ ಓಣಿ:
ನೀವು ಇವತ್ತು ಎಲ್ಲಾ ಶಾರ್ಟ್‌ಕಟ್ಟೂ ತಂದಿರಿ. ಬಾಕಿ ಇದ್ದು, ಖಾತೆಯಲ್ಲಿ ಹಣ ಇಲ್ಲದೆ ಸ್ಟಾಪ್ ಹಾಕಿದರೂ 138 ತಪ್ಪುವುದಿಲ್ಲ. 1998ರಿಂದ ಸುಪ್ರೀಂ ಕೋರ್ಟಿನ ನಿಲುವು ಇದೇ. ಸಹಿ ಬೇಕೆಂದೇ ಬೇರೆ ಮಾಡುವವರಿದ್ದಾರೆ, ಅದಕ್ಕೂ 2012ರಲ್ಲಿ ಇದೇ ಉತ್ತರ ಬಂದಿದೆ. ಸ್ಟಾಪ್ ಪೇಮೆಂಟ್ ಇರುವುದು ಕಳೆದುಹೋದ, ಕದ್ದ ಚೆಕ್ಕಿಗೆ. ಆಗ ನಂಬರ್ ಸಮೇತ ತಡಮಾಡದೆ ಹಾಕಬೇಕು.

ಹೊಸೂರ ಸರ್ಕಲ್:
ಮಾಲಕ್ರು ಬಿಡೂದ ಇಲ್ಲಂದ್ರ ಏನ್ರಿ ದಾರಿ?

ವಕೀಲರ ಓಣಿ:
ಡಿಪಾಸಿಟ್ಟೇ ಭದ್ರತೆ, ಮತ್ತೊಂದು ಭದ್ರತೆ ಯಾಕೆ ಎಂದು ಮೊದಲು ಕೇಳಿರಿ. ಬಹಳಷ್ಟು ಸಲ ಇದು ಮಾಲೀಕರ ಬೇಡಿಕೆಯೇ ಆಗಿರುವುದಿಲ್ಲ, ಏಜೆಂಟನದು. ನೇರ ಮಾತಾಡಿರಿ. ಕೊಡಲೇಬೇಕಾದರೆ ಹೆಸರು, ಕ್ರಾಸಿಂಗ್, ಮೊತ್ತ ಮೂರನ್ನೂ ತುಂಬಿ ಕೊಡಿರಿ. ಮೊತ್ತ ಒಂದೋ ಎರಡೋ ತಿಂಗಳ ಬಾಡಿಗೆ ಮೀರದಿರಲಿ. ಚೆಕ್ ನಂಬರ್, ಬ್ಯಾಂಕ್, ಮೊತ್ತ, ಯಾತಕ್ಕೆ ಕೊಟ್ಟದ್ದು, ಮನೆ ಬಿಡುವಾಗ ವಾಪಸ್ ಕೊಡತಕ್ಕದ್ದು, ಇಷ್ಟನ್ನು ಬಾಡಿಗೆ ಕರಾರಿನಲ್ಲಿ ಬರೆಸಿರಿ. ಚೆಕ್ಕಿನ ಹಿಂಬದಿ "ಬಾಡಿಗೆ ಭದ್ರತೆಗೆ" ಎಂದು ಬರೆದು ಎರಡೂ ಬದಿಯ ಫೋಟೊ ಇಟ್ಟುಕೊಳ್ಳಿರಿ.

ನಡುವೆ ಸ್ವಲ್ಪ ಹಣ ಕೊಟ್ಟರೆ ಅದನ್ನು ಚೆಕ್ಕಿನ ಮೇಲೆ ನಮೂದಿಸಿಕೊಳ್ಳಲು 56ನೇ ಕಲಂನಲ್ಲಿ ಅವಕಾಶವಿದೆ. ಭಾಗಶಃ ಪಾವತಿ ಪಡೆದೂ ನಮೂದಿಸದೆ ಪೂರ್ತಿ ಮೊತ್ತಕ್ಕೆ ಚೆಕ್ ಹಾಕಿ ಅದು ವಾಪಸ್ಸಾದರೆ 138 ನಿಲ್ಲುವುದಿಲ್ಲ ಎಂದು 2022ರ ತೀರ್ಪು ಹೇಳುತ್ತದೆ. ಆದ್ದರಿಂದ ಕೊಟ್ಟದ್ದಕ್ಕೆಲ್ಲ ರಶೀದಿ ಇರಲಿ.

ಗಿರ್ಮಿಟ್ ಗೆಳೆಯ:
138 ಅಂದ್ರ ಜೇಲ ಆಗ್ತೈತೇನ್ರಿ ಸೀದಾ?

ವಕೀಲರ ಓಣಿ:
ಸೀದಾ ಅಲ್ಲ. ಚೆಕ್ ವಾಪಸ್ ಬಂದದ್ದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಕೊಡುವವರಿಗೆ 15 ದಿನ. ಅಷ್ಟರಲ್ಲಿ ಕೊಟ್ಟರೆ ಮುಗಿಯಿತು. ಕೊಡದಿದ್ದರೆ ಆ 15 ದಿನ ಕಳೆದು ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. 2018ರ ತಿದ್ದುಪಡಿಯ ನಂತರ ಪ್ರಕರಣ ನಡೆದಿರುವಾಗಲೇ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ.

ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಸ್ಪಷ್ಟವಾಗಿ ಕೇಳಬೇಕು. ಬಡ್ಡಿ, ಖರ್ಚು ಎಲ್ಲ ಸೇರಿಸಿ ಒಂದೇ ದೊಡ್ಡ ಅಂಕಿ ಬರೆದು ಕಳಿಸಿದರೆ ಅಲ್ಲೇ ಪ್ರಕರಣ ಬೀಳುತ್ತದೆ.

ಉಣಕಲ್ ಕೆರಿ:
ಚೆಕ್ ಎಷ್ಟು ದಿನ ನಡೀತೈತಿ? ಆರು ತಿಂಗಳಲ್ಲ?

ಕೌಂಟರ್ ನಂಬರ್ ಮೂರು:
ಮೂರು ತಿಂಗಳು, 2012ರ ಏಪ್ರಿಲ್ 1ರಿಂದ. ಲೆಕ್ಕ ಹಾಳಿ ಮ್ಯಾಲಿನ ತಾರೀಖಿನಿಂದ, ಕೈಗೆ ಕೊಟ್ಟ ದಿನದಿಂದ ಅಲ್ಲ. ಮುಂದಿನ ತಾರೀಖು ಹಾಕಿದ ಚೆಕ್ಕು ಆ ದಿನಕ್ಕಿಂತ ಮೊದಲ ಹಾಕಿದ್ರ ಪಾಸಾಗೂದಿಲ್ಲ, ಸುಮ್ನ ವಾಪಸ್ ಬರ್ತೈತಿ.

ಮತ್ತ "ಚೆಕ್ ಕೊಡೂಣು, ಪಾಸಾಗೂದ್ರಾಗ ರೊಕ್ಕ ಹಾಕಿದ್ರಾತು" ಅನ್ನೂ ಚಟ ಇದ್ದವ್ರು ಅದನ್ನ ಬಿಡ್ರಿ. 2025ರ ಅಕ್ಟೋಬರ್ 4ರಿಂದ ಗಂಟು ಕಟ್ಟಿ ಕಳಸೂ ಪದ್ಧತಿ ಹೋಗೇತಿ, ಚೆಕ್ ಬಂದಂಗ ಬಂದಂಗ ಚಿತ್ರ ಹೋಗ್ತೈತಿ. ನಿಮ್ಮ ಬ್ಯಾಂಕು ಸಂಜಿ 7ರೊಳಗ ಹೌದು ಇಲ್ಲಾ ಅನ್ನಬೇಕು. ಮುಂಜಾನೆ ಹಾಕಿದ ಚೆಕ್ಕು ಅದ ದಿನ ಮುಗೀತೈತಿ. ರೊಕ್ಕ ಖಾತ್ಯಾಗ ಇಟ್ಟ ಮ್ಯಾಲೆ ಪೆನ್ ಹಿಡೀರಿ.

ಉಣಕಲ್ ಕೆರಿ:
ಕ್ಯಾನ್ಸಲ್ಡ್ ಚೆಕ್ ಕೇಳ್ತಾರಲ್ಲ, ಅದಕ್ಕ ಸಹಿ ಮಾಡೂದು ಹೌದೋ ಅಲ್ಲೋ? ಒಬ್ಬೊಬ್ರು ಒಂದೊಂದು ಹೇಳ್ತಾರ.

ಗದಗ ಪ್ರೆಸ್:
ಮಾಡಬಾರದು. ಹಾಳಿಯ ಅಡ್ಡಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ, ನಡುವೆ ದಪ್ಪಗೆ 'ಕ್ಯಾನ್ಸಲ್ಡ್'. ಖಾತೆ ನಂಬರ್, ಐಎಫ್‌ಎಸ್‌ಸಿ, ಕೆಳಗಿನ ಎಂಐಸಿಆರ್ ಸಾಲು ಮುಚ್ಚದಂತೆ ಎಳೆಯಿರಿ, ಅವರಿಗೆ ಬೇಕಾದದ್ದೇ ಅವು ಮೂರು.

ಇದರಲ್ಲೊಂದು ಮೋಸ ಇದೆ, ಗಮನ ಕೊಡಿರಿ. ಸಾಲ ಕೊಡಿಸುತ್ತೇವೆ ಎಂದು ಬಂದವರು ತಮ್ಮ ಪೆನ್ನನ್ನೇ ಕೊಡುತ್ತಾರೆ, ಅಥವಾ "ನಾನೇ ಬರೆಯುತ್ತೇನೆ" ಎಂದು ಬರೆಯುತ್ತಾರೆ. ಅದು ಕಾವು ತಾಗಿದರೆ ಮಾಯವಾಗುವ ಶಾಯಿ. ಉಜ್ಜಿದ ಬಿಸಿಗೋ ಇಸ್ತ್ರಿಯ ಬಿಸಿಗೋ ಸುಮಾರು 60 ಡಿಗ್ರಿ ಮುಟ್ಟಿದರೆ 'ಕ್ಯಾನ್ಸಲ್ಡ್' ಅಳಿದುಹೋಗುತ್ತದೆ. ಸಹಿಯನ್ನು ಮಾತ್ರ ನಿಮ್ಮ ಮಾಮೂಲಿ ಪೆನ್ನಿನಲ್ಲಿ ಮಾಡಿಸಿರುತ್ತಾರೆ. ಉಳಿದದ್ದೇನು? ಸಹಿ ಮಾಡಿದ ಖಾಲಿ ಚೆಕ್ಕು. ಅದಕ್ಕೇ ಕೌಂಟರ್ ನಂಬರ್ ಮೂರು ಅವರು "ಪೆನ್ ನಿಮ್ಮದೇ ಇರಲಿ" ಎಂದದ್ದು ಸಣ್ಣ ಮಾತಲ್ಲ.

ರಾಣೇಬೆನ್ನೂರ ರೊಟ್ಟಿ:
ಅಯ್ಯ ಶಿವನ! ಜೆಲ್ ಪೆನ್ ನಡೀತೈತೇನ್ರಿ ಮತ್ತ?

ಗದಗ ಪ್ರೆಸ್:
ನಡೆಯುತ್ತದೆ, ಅಳಿಸಲು ಬರುವ ಜಾತಿಯದ್ದು ಆಗಬಾರದು ಅಷ್ಟೆ. ಹಿಂಬದಿಗೆ ರಬ್ಬರ್ ತುದಿ ಇದ್ದರೆ ಮುಟ್ಟಬೇಡಿರಿ. ಸಾದಾ ಬಾಲ್ ಪೆನ್ ಸಾಕು, ಒತ್ತಿ ಬರೆದರೆ ಕಾಗದದ ಮೇಲೆ ಗೀರು ಉಳಿಯುತ್ತದೆ. ಅಳಿಸಿದರೂ ಗೀರು ಹೋಗುವುದಿಲ್ಲ.

ನವನಗರ 7ನೇ ಕ್ರಾಸ್:
ಚೆಕ್ ಹಾಕೂ ಡಬ್ಬಿ ಇರ್ತೈತಲ್ಲ ಬ್ಯಾಂಕಿನ ಬಾಗಲಾಗ, ಅದರಾಗ ಹಾಕಿದ್ರ ಸಾಕೇನು?

ತೋಂಟದ ಹಾದಿ:
ಸಾಕು, ಆದರೆ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ. ಕೌಂಟರಿನಲ್ಲಿ ಕೊಟ್ಟು ಸ್ಲಿಪ್ಪಿನ ಅರ್ಧಕ್ಕೆ ಸೀಲು ಕೇಳಿರಿ. ಕೌಂಟರಿಗೆ ತಂದ ಚೆಕ್ಕಿಗೆ ಸ್ವೀಕೃತಿ ಕೊಡುವುದಿಲ್ಲ ಎನ್ನುವಂತಿಲ್ಲ, ಡಬ್ಬಿಗೇ ಹಾಕಿರಿ ಎಂದು ಒತ್ತಾಯಿಸುವಂತೆಯೂ ಇಲ್ಲ, ಆರ್‌ಬಿಐ ಸೂಚನೆಯಿದೆ. ಹಾಕುವ ಮುನ್ನ ಚೆಕ್ಕಿನ ಹಿಂದೆ ನಿಮ್ಮ ಖಾತೆ ನಂಬರ್, ಮೊಬೈಲ್ ನಂಬರ್ ಬರೆಯಿರಿ. ಸ್ಲಿಪ್ಪಿನಿಂದ ಚೆಕ್ ಬೇರೆಯಾದರೂ ದಾರಿ ತಪ್ಪುವುದಿಲ್ಲ.

ಲೈನ್ ಬಜಾರ:
ಮನ್ಯಾಗ ಹಳೇ ಸಿಂಡಿಕೇಟ್ ಬ್ಯಾಂಕಿನ ಚೆಕ್ ಬುಕ್ ಐತಿ, ಇನ್ನೂ ಹದಿನೈದು ಹಾಳಿ ಉಳದಾವು. ಇದಕ್ಕಾದ್ರೂ ಶಾರ್ಟ್‌ಕಟ್ ಐತೇನ್ರಿ ವಕೀಲ್ರ?

ಕೌಂಟರ್ ನಂಬರ್ ಮೂರು:
ಇಲ್ಲ. ಸಿಂಡಿಕೇಟ್ 2020ರ ಏಪ್ರಿಲ್‌ದಾಗ ಕೆನರಾದಾಗ ಸೇರೇತಿ, ಹಳೇ ಕೋಡಿನ ಹಾಳಿ ನಡಿಯೂದಿಲ್ಲ. ವಿಜಯಾ, ಕಾರ್ಪೊರೇಶನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಲ್ಲಾ ಹಂಗ. ನಮ್ಮ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ 2025ರ ಮೇ 1ರಿಂದ ಬಳ್ಳಾರಿಯ ಬ್ಯಾಂಕಿನ ಜೋಡಿ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗೇತಿ. ಆ ಹಾಳಿ ಇಟ್ಕೊಂಡವ್ರು ಬರಿಯೂ ಮೊದಲ ಶಾಖಾದಾಗ ಕೇಳ್ರಿ.

ಮಾಳಮಡ್ಡಿ ಮಾಸ್ತರ:
ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರು ಸಂಜೆ ಮನೆಮನೆಗೆ ಬರುತ್ತಿದ್ದದ್ದು ಯಾರಿಗಾದರೂ ನೆನಪಿದೆಯೆ?

ಕೇಶ್ವಾಪುರ ಕಾಕಾ:
ಮಾಸ್ತರ, ಅದಕ್ಕ ಬ್ಯಾರೆ ಚರ್ಚಾ ಹಚ್ಚ್ರಿ, ನಾ ಬರ್ತೇನಿ.

ಹೊಸೂರ ಸರ್ಕಲ್:
ಎಲ್ಲಾರಿಗೂ ಶರಣ್ರಿ. ಮಾಲಕರ ಪಾಸ್‌ಬುಕ್ಕಿನ ಫೋಟೊ ತರಿಸ್ಕೊಂಡೆ, ಹೆಸರು "ಪಾಟೀಲ ಶಿವನಗೌಡ" ಅಂತ ಉಲ್ಟಾ ಐತಿ. ಹಂಗ ಬರೀಲೇನು, ಸರಿ ಮಾಡಿ ಬರೀಲೇನು?

ಕೌಂಟರ್ ನಂಬರ್ ಮೂರು:
ಪಾಸ್‌ಬುಕ್ಕಿನಾಗ ಹೆಂಗ ಐತಿ ಹಂಗ. ಪಾಸಿಟಿವ್ ಪೇದಾಗೂ ಹಂಗ. ಮತ್ತ ಆ ಫೋಟೊ ಏಜೆಂಟ ಕಳಿಸಿದ್ದೋ, ಮಾಲಕರ ಕಳಿಸಿದ್ದೋ? ಕರಾರಿನ್ಯಾಗಿನ ಹೆಸರು, ಕರೆಂಟ್ ಬಿಲ್ಲಿನ ಹೆಸರು, ಖಾತೆ ಹೆಸರು ಒಂದ ಮನಿಶ್ಯಾಂದ ಅನ್ನೂದು ನೋಡಿ ಆಮ್ಯಾಲೆ ಬರೀರಿ.

ಹೊಸೂರ ಸರ್ಕಲ್:
ಏಜೆಂಟ ಕಳಿಸಿದ್ದರಿ. ಮಾಲಕರ ನಂಬರಿಗೆ ಈಗ ಹಚ್ತೇನಿ.